ಬಿಸಿಲೂರಿನಲ್ಲಿ ಮನೆಯಲ್ಲೇ ರೀಲು ತೊಳೆಯುವುದು

ರೀಲು ಕ್ಯಾಮೆರಾದ ಆಸೆ ಹತ್ತಿದವರು ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಅಂತ. ಅದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಪೆಂಟಾಕ್ಸ್ ಕೆ1000, ಯಾಶಿಕಾ ಎಫ್‌ಎಕ್ಸ್-3, ನಿಕಾನ್ ಎಫ್‌ಎಂ10, ಯಾವುದು ಸಿಕ್ಕರೂ ಸರಿ. ಮೂರಕ್ಕೂ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಶಟರ್ ಬ್ಯಾಟರಿ ಇಲ್ಲದೆಯೂ ಓಡುತ್ತದೆ. ಹಳೆಯದನ್ನು ಕೊಳ್ಳುವಾಗ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡು, ಕರಾವಳಿಯ ಕ್ಯಾಮೆರಾಗಳಿಗೆ ಬೂಷ್ಟು ಹಿಡಿದಿರುವುದು ಜಾಸ್ತಿ. ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಅಂಟಂಟಾಗಿದ್ದರೆ ಬೆಳಕು ನುಗ್ಗುತ್ತದೆ, ಆದರೆ ಅದನ್ನು ನೀವೇ ಬದಲಾಯಿಸಬಹುದು.

ಮೊದಲ ರೀಲು ಕಪ್ಪು-ಬಿಳುಪೇ ಇರಲಿ. ಬಣ್ಣದ ರೀಲು ತೊಳೆಯಲು, ಅಂದರೆ ಡೆವಲಪ್ ಮಾಡಲು, ದ್ರಾವಣವನ್ನು 38 ಡಿಗ್ರಿಯಲ್ಲಿ ಕದಲದಂತೆ ಇಡಬೇಕು, ಸದ್ಯಕ್ಕೆ ಆ ತಾಪತ್ರಯ ಬೇಡ. ನಾನು ಎಲ್ಲರಿಗೂ ಹೇಳುವುದು ಇಲ್ಫರ್ಡ್ ಎಚ್‌ಪಿ5. ಅದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, 400. ಎಕ್ಸ್‌ಪೋಶರ್ (ರೀಲಿಗೆ ಬೀಳುವ ಬೆಳಕು) ಸ್ವಲ್ಪ ಹೆಚ್ಚುಕಮ್ಮಿಯಾದರೂ ತಾಳಿಕೊಳ್ಳುತ್ತದೆ. ಮೀಟರ್ ಕೆಟ್ಟಿದ್ದರೆ, ಚುರುಕು ಬಿಸಿಲಿನಲ್ಲಿ ಲೆನ್ಸಿನ ರಿಂಗು ಎಫ್16ಕ್ಕೆ, ಶಟರ್ 500ಕ್ಕೆ ಇಟ್ಟು ಹೊಡೆಯಿರಿ. ರೀಲು ಹಾಕಿದ ಮೇಲೆ ಒಂದು ಕಣ್ಣು ಎಡಗಡೆಯ ರಿವೈಂಡ್ ಗುಬ್ಬಿಯ ಮೇಲಿರಲಿ. ಲಿವರ್ ಎಳೆದಾಗ ಅದೂ ತಿರುಗಬೇಕು. ತಿರುಗದಿದ್ದರೆ ರೀಲು ಮುಂದೆ ಹೋಗುತ್ತಿಲ್ಲ, 36 ಫೋಟೋನೂ ಗಾಳಿಗೇ ತೆಗೆದಂತೆ.

ಈಗ ತೊಳೆಯುವ ವಿಷಯ. ರೀಲಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ಡಬ್ಬದ ಮೇಲೆ 20 ಡಿಗ್ರಿ ಅಂತ ಬರೆದಿರುತ್ತದೆ. ನಮ್ಮ ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ ನಲ್ಲಿ ಬಿಟ್ಟರೆ ಬರುವುದು ಸ್ನಾನದ ನೀರೇ. ಐಸ್ ಹಾಕಿ 20ಕ್ಕೆ ಇಳಿಸುವ ಒದ್ದಾಟ ಬೇಡ. ಅಲ್ಲಿಂದಾಚೆಗೆ ಅದು ಮತ್ತೆ ಏರುತ್ತಲೇ ಇರುತ್ತದೆ, ಅಲ್ವಾ? ಬೆಳಿಗ್ಗೆ ಬೇಗ ಎದ್ದು ಮಡಕೆ ನೀರು ಬಳಸಿ, 24 ಡಿಗ್ರಿಗೆ ತನ್ನಿ, ಹೊತ್ತನ್ನು ಕಡಿಮೆ ಮಾಡಿ. ಎಚ್‌ಪಿ5ಗೆ ಡಿ-76 ಡೆವಲಪರನ್ನು ಅಷ್ಟೇ ನೀರು ಬೆರೆಸಿ ಹಾಕಿದರೆ 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಸುಮಾರು 8. ನೀರು ಬೆರೆಸುವುದು ಇದಕ್ಕಾಗಿಯೇ. ಬೆರೆಸದೆ ಹಾಕಿದರೆ ಬೇಸಿಗೆಯಲ್ಲಿ ಹೊತ್ತು 5 ನಿಮಿಷದ ಹತ್ತಿರಕ್ಕೆ ಇಳಿದು, ಆಕಾಶದಲ್ಲೆಲ್ಲ ಪಟ್ಟೆ ಬೀಳುತ್ತವೆ.

ಡಿ-76 ಪೊಟ್ಟಣ ಸಿಗದಿದ್ದರೆ ನೀವೇ ಕಲಸಬಹುದು. ಕಾಲೇಜ್ ಲ್ಯಾಬ್‌ಗಳಿಗೆ ಕೆಮಿಕಲ್ ಕೊಡುವ ಅಂಗಡಿಯಲ್ಲಿ ಎಲ್ಲವನ್ನೂ ಕೇಳಿ ನೋಡಿ. 50 ಡಿಗ್ರಿ ಬಿಸಿಯ 750 ಮಿ.ಲೀ. ನೀರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್. ಇದೇ ಸಾಲಿನಲ್ಲಿ ಹಾಕಬೇಕು, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಆದರೆ ಎಲ್ಲಕ್ಕೂ ಮೊದಲು ಒಂದು ಚಿಟಿಕೆ ಸಲ್ಫೈಟ್ ಬೀಳಬೇಕು. ಅದಿಲ್ಲದಿದ್ದರೆ ಮೆಟಾಲ್ ಗಾಳಿಗೆ ಕೆಡುತ್ತದೆ. ಹಾಗಂತ ಸಲ್ಫೈಟ್ ಅಷ್ಟನ್ನೂ ಮೊದಲೇ ಸುರಿದರೆ ಮೆಟಾಲ್ ಕರಗುವುದೇ ಇಲ್ಲ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಬಾಟಲಿ ತುಂಬ ತುಂಬಿ, ಒಂದು ದಿನ ಬಿಡಿ. ಮೆಟಾಲ್‌ನಿಂದ ಕೆಲವರಿಗೆ ಚರ್ಮ ಕೆರೆಯುತ್ತದೆ, ಗ್ಲೌಸ್ ಹಾಕಲೇಬೇಕು. ಅಡುಗೆಮನೆಯ ಪಾತ್ರೆ, ತಕ್ಕಡಿ ಮುಟ್ಟಬೇಡಿ. ಡೆವಲಪರ್ ಚಹಾ ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ.

ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ಹೈಪೋ, ಅಂದರೆ ಫಿಕ್ಸರ್, ಇನ್ನೂ ಸುಲಭ. ಒಂದು ಲೀಟರಿಗೆ 250 ಗ್ರಾಂ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳು, 25 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಹರಳು ಕರಗುತ್ತಾ ಕರಗುತ್ತಾ ಬಾಟಲಿ ಕೈಯಲ್ಲೇ ತಣ್ಣಗಾಗುತ್ತದೆ, ಅದಕ್ಕೇ ಬೆಚ್ಚಗಿನ ನೀರಿನಿಂದ ಶುರು ಮಾಡುವುದು.

ರೀಲನ್ನು ಸ್ಪೈರಲ್‌ಗೆ ಏರಿಸುವುದೇ ಕಷ್ಟದ ಕೆಲಸ. ಸ್ಪೈರಲ್ ಅಂದರೆ ಬೆಳಕು ನುಗ್ಗದ ಡೆವಲಪಿಂಗ್ ಡಬ್ಬದ (ಟ್ಯಾಂಕ್) ಒಳಗೆ ರೀಲನ್ನು ಹಿಡಿದಿಡುವ ಸುರುಳಿ ಚಕ್ರ. ಹಾಳಾದ ರೀಲೊಂದನ್ನು ಇಟ್ಟುಕೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ತುದಿಯ ಮೂಲೆಗಳನ್ನು ಕತ್ತರಿಸಿ ದುಂಡಗೆ ಮಾಡಿ. ಸ್ಪೈರಲ್‌ನಲ್ಲಿ ಹನಿ ನೀರಿದ್ದರೂ ರೀಲು ಸಿಕ್ಕಿಕೊಳ್ಳುತ್ತದೆ. ಕತ್ತಲೆ ಕೋಣೆ ಇಲ್ಲದಿದ್ದರೆ ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ನುಗ್ಗದ ಚೀಲ) ಸಾಕು. ಸೆಕೆಗಾಲದಲ್ಲಿ ಅದರೊಳಗೆ ಕೈ ಬೆವರುತ್ತದೆ, ಫ್ಯಾನ್ ಕೆಳಗೇ ಕೂತುಕೊಳ್ಳಿ.

ಟ್ಯಾಂಕ್ ಮುಚ್ಚಿದ ಮೇಲೆ ಲೈಟು ಹಾಕಬಹುದು. ಪ್ಯಾಟರ್ಸನ್ ಟ್ಯಾಂಕಿಗೆ 300 ಮಿ.ಲೀ. ಹಿಡಿಸುತ್ತದೆ: 150 ಡೆವಲಪರ್, 150 ನೀರು. ಪ್ರತಿ ನಿಮಿಷದ ಮೊದಲ 10 ಸೆಕೆಂಡು ನಾಲ್ಕು ಸಲ ತಲೆಕೆಳಗು ಮಾಡಿ, ಕಟ್ಟೆಗೆ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ. ಡೆವಲಪರಿನ ಹೊತ್ತು ಮುಗಿದ ಮೇಲೆ ಅದನ್ನು ಚೆಲ್ಲಿ, ಒಂದು ಸಲ ನೀರು ಹಾಕಿ ತೆಗೆದು, ಹೈಪೋ ಹಾಕಿ. ಎಷ್ಟು ಹೊತ್ತು? ಕತ್ತರಿಸಿಟ್ಟ ತುದಿಯ ತುಂಡನ್ನು ಹೈಪೋಗೆ ಹಾಕಿ ನೋಡಿ. ಅದು ಪಾರದರ್ಶಕ ಆಗಲು ಹಿಡಿದ ಹೊತ್ತಿನ ಎರಡರಷ್ಟು.

ಆಮೇಲೆ ಹೈಪೋ ಹೋಗುವಂತೆ ನೀರಿನಲ್ಲಿ ತೊಳೆಯಲು ನಲ್ಲಿ ಬಿಟ್ಟು ಅರ್ಧ ಗಂಟೆ ನಿಲ್ಲಬೇಕಿಲ್ಲ, ಬೋರ್‌ವೆಲ್ ನಂಬಿದ ಊರಿಗೆ ಅದು ಸಲ್ಲದು ಕೂಡ. ಟ್ಯಾಂಕ್ ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ. ಮತ್ತೆ ತುಂಬಿ 10 ಸಲ, ಇನ್ನೊಮ್ಮೆ 20 ಸಲ. ಇದು ಇಲ್ಫರ್ಡ್‌ನವರೇ ಹೇಳಿದ ಕ್ರಮ. ಹೈಪೋ ರೀಲಿನ ಪದರವನ್ನು ಗಡುಸು ಮಾಡುವಂಥದ್ದಲ್ಲದಿದ್ದರೆ ಇಷ್ಟೇ ಸಾಕು. ನಮ್ಮ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ. ಹಾಗಾಗಿ ಕೊನೆಯ ಅದ್ದು ಡಿಸ್ಟಿಲ್ಡ್ ನೀರಿನಲ್ಲಿ, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಒರೆಸಬೇಡಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ, ಕೆಳತುದಿಗೊಂದು ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿ. ಒಣಗಿದ ಮೇಲೆ ಆರಾರು ಫ್ರೇಮಿಗೆ ಕತ್ತರಿಸಿ.

ಬಳಸಿದ ಹೈಪೋದಲ್ಲಿ ರೀಲಿನ ಬೆಳ್ಳಿ ಇರುತ್ತದೆ. ಡಬ್ಬದಲ್ಲಿ ಕೂಡಿಟ್ಟು, ಸೋಪಿಲ್ಲದ ಸ್ಟೀಲ್ ವುಲ್ ಹಾಕಿ ಕೆಲವು ದಿನ ಬಿಟ್ಟರೆ ಬೆಳ್ಳಿ ಕಪ್ಪು ಗಸಿಯಾಗಿ ಇಳಿಯುತ್ತದೆ. ಗಸಿ ಸೋಸಿ ತೆಗೆದಿಟ್ಟು, ಉಳಿದ ನೀರಿಗೆ ಬೇಕಾದಷ್ಟು ನೀರು ಬೆರೆಸಿ ಒಳಚರಂಡಿಗೆ ಬಿಡಿ. ಗಿಡದ ಬುಡಕ್ಕೆ, ಬಾವಿ ಪಕ್ಕಕ್ಕೆ ಮಾತ್ರ ಬೇಡ.