ನನ್ನ ಅನುಭವ: ಬಕೆಟ್ಟಿಗೆ ಬಿದ್ದ ಹನಿ ಸುದ್ದಿ ಆಗಿದ್ದು

ಪ್ರಾದೇಶಿಕ ರೇಡಿಯೋದಲ್ಲಿ ಸ್ಥಳೀಯ ಕಲೆ-ಸಂಸ್ಕೃತಿ, ಪ್ರಚಲಿತ ವಿದ್ಯಮಾನ ಎರಡೂ ನನ್ನ ತಲೆ ಮೇಲೇ ಇತ್ತು. ಶುರುವಲ್ಲಿ ಎರಡಕ್ಕೂ ಸಂಬಂಧಾನೇ ಇಲ್ಲ ಅಂದ್ಕೊಂಡಿದ್ದೆ. ಕಲೆ ಅಂದ್ರೆ ಉದ್ಘಾಟನೆಗೆ ಹೋಗೋದು, ಅಧ್ಯಕ್ಷರ ಎರಡು ಮಾತು, ಚಪ್ಪಾಳೆ, ಮುಗೀತು. ಹೋದ ವಾರದ್ದು ಯಾವುದು ಈ ವಾರದ್ದು ಯಾವುದು ನನಗೇ ಗೊತ್ತಾಗ್ತಿರ್ಲಿಲ್ಲ.

ಆಮೇಲೆ ಉದ್ಘಾಟನೆ ಬಿಟ್ಟು ರಿಹರ್ಸಲ್‌ಗೆ ಹೋಗೋಕೆ ಶುರು ಮಾಡ್ದೆ. ರೆಕಾರ್ಡರ್‌ನಲ್ಲಿ ಸದ್ದಿನ ಲೆವೆಲ್ ಗರಿಷ್ಠ ಮಿತಿಗಿಂತ ಸಾಕಷ್ಟು ಕೆಳಗೆ, ಮೈನಸ್ 12 ಡಿಬಿ ಆಸುಪಾಸು ಇಡ್ತೀನಿ, ಯಾಕಂದ್ರೆ ನಾಟಕದವರು ಯಾವಾಗ ಕಿರುಚ್ತಾರೋ ಹೇಳಕ್ಕಾಗಲ್ಲ, ಒಂದ್ಸಲ ಕ್ಲಿಪ್ ಆದ್ರೆ, ಅಂದ್ರೆ ಸದ್ದು ಮಿತಿ ಮೀರಿ ಒಡೆದ್ರೆ, ಕಥೆ ಮುಗೀತು. ಮೈಕ್ ಓಮ್ನಿ, ಅಂದ್ರೆ ಎಲ್ಲಾ ದಿಕ್ಕಿಂದಲೂ ಸದ್ದು ಹಿಡಿಯೋದು, ಅದನ್ನ ಹಿಡಿದ ಕೈ ಸದ್ದು ಗಾಳಿ ಸದ್ದು ಕಮ್ಮಿ ಹಿಡಿಯುತ್ತೆ, ಆದ್ರೆ ರೂಮೆಲ್ಲಾ ಕೇಳ್ಸುತ್ತೆ, ಅದಕ್ಕೆ ಬಾಯಿಂದ ಒಂದು ಗೇಣು ಅಷ್ಟೇ ದೂರ. ಕಲಾವಿದರ ಮನೆಗೆ ಹೋದ್ರೆ ಗುಂಯ್ ಅನ್ನೋ ಫ್ರಿಜ್ ಆಫ್ ಮಾಡ್ಸಿ ಬೈಕ್ ಕೀ ಅದರೊಳಗೇ ಇಡ್ತೀನಿ, ಆನ್ ಮಾಡೋದು ಮರೆತು ಹೊರಟ್ರೂ ಗಾಡಿ ಹತ್ತಿರದಿಂದ ವಾಪಸ್ ಬರ್ಲೇಬೇಕಲ್ಲ! ಚಿತ್ರ ಬಿಡಿಸೋರು "ಇಲ್ನೋಡಿ ಈ ಕೆಂಪು" ಅಂತಾರೆ, ರೇಡಿಯೋದಲ್ಲಿ ಎಲ್ಲಿಂದ ನೋಡೋದು? ಬ್ರಷ್ ಆಡಿಸ್ತಾನೇ ಹೇಳಿ ಸರ್, ಅದನ್ನ ಕಣ್ಣು ಕಾಣದವರಿಗೆ ಹೇಗೆ ಹೇಳ್ತೀರೋ ಹಂಗೆ ಹೇಳಿ ಅಂತೀನಿ.

ಎಲ್ಲಾ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ ಬರೀ ರೂಮಿನ ಸದ್ದು ರೆಕಾರ್ಡ್ ಮಾಡ್ತೀನಿ, ಎಡಿಟ್ ಮಾಡುವಾಗ ಕಟ್ ಮಾಡಿದ ಜಾಗ ಮುಚ್ಚೋಕೆ ಬೇಕು. ಒಂದು ಮಳೆಗಾಲದಲ್ಲಿ ನಾಟಕದ ಹುಡುಗರ ಹಾಲ್‌ನಲ್ಲಿ ಹೀಗೇ ಹಿಡಿದಿದ್ದೆ. ಸ್ಟುಡಿಯೋಗೆ ಬಂದು ಹೆಡ್‌ಫೋನ್ ಹಾಕಿದ್ರೆ ಟಪ್, ಟಪ್. ಸೋರೋ ಚಾವಣಿ, ಕೆಳಗೆ ಬಕೆಟ್. ಅವರಿಗೆ ಅದು ಎಷ್ಟು ಅಭ್ಯಾಸ ಆಗಿತ್ತೆಂದ್ರೆ ಇಂಟರ್‌ವ್ಯೂನಲ್ಲಿ ಒಬ್ರೂ ಹೇಳಿರ್ಲಿಲ್ಲ.

ಹಾಲ್ ಸಾರ್ವಜನಿಕರದ್ದು. ನೋಡಿಕೊಳ್ಳೋ ಅಧಿಕಾರಿಗೆ ಫೋನ್ ಮಾಡ್ದೆ, "ಸೋರಿಕೆ ಎಲ್ಲ ಏನೂ ಇಲ್ಲ" ಅಂದ್ರು. ಅವರ ಮಾತು ಮುಗಿದ ತಕ್ಷಣ ಟಪ್ ಅನ್ಸಿಬಿಡೋಣ ಅಂತ ಕೈ ತುರಿಸ್ತಿತ್ತು ನಿಜ. ಆದ್ರೆ ಹಂಗೆ ಮಾಡಿದ್ರೆ ಅದು ಸುದ್ದಿ ಅಲ್ಲ, ಗೇಲಿ. ಹನಿ ಸದ್ದನ್ನ ಮೊದಲೇ ಇಟ್ಟು, ಯಾವತ್ತು ರೆಕಾರ್ಡ್ ಮಾಡಿದ್ದು ಅಂತ ಹೇಳಿ, ಆಮೇಲೆ ತಂಡದವರು, ಕೊನೆಗೆ ಅಧಿಕಾರಿ ಉತ್ತರ ಒಂದಕ್ಷರ ಕಟ್ ಮಾಡದೆ ಹಾಕ್ದೆ.

ಎಡವಿದ್ದು ಬೇರೆ ಕಡೆ. ಎಫ್‌ಎಂನಲ್ಲಿ ತೀರಾ ಮೇಲಿನ ಸ್ವರಗಳೂ, 15 ಕಿಲೋಹರ್ಟ್ಸ್ ತನಕ, ಹೋಗುತ್ತೆ, ಹನಿ ಹನಿ ಥರಾನೇ ಕೇಳ್ಸಿತು. ಮೀಡಿಯಂ ವೇವ್‌ನ ಮಾಮೂಲಿ ಸೆಟ್ಟಲ್ಲಿ ಮೇಲಿನ ಸ್ವರ ಎಲ್ಲಾ ಹಾರಿಹೋಗುತ್ತಲ್ಲ, ಕೇಳುಗರೊಬ್ರು ಫೋನ್ ಮಾಡಿ "ಯಾರೋ ಬಾಗಿಲು ತಟ್ತಿದ್ರಲ್ಲ, ಯಾಕೆ ತೆಗೀಲಿಲ್ಲ?" ಅಂದ್ರು. ಸಂಜೆ ಮರುಪ್ರಸಾರಕ್ಕೆ ಮುಂಚೆ ಒಂದು ಸಾಲು ಸೇರಿಸ್ದೆ: "ಇದು ರಿಹರ್ಸಲ್ ಹಾಲ್‌ನಲ್ಲಿ ಬಕೆಟ್ಟಿಗೆ ಬೀಳ್ತಿರೋ ಮಳೆನೀರು."

ಚಾವಣಿಗೆ ಶೀಟ್ ಬಂತು, ಮಳೆಗಾಲ ಮುಗಿದ ಮೇಲೆ. ನಾಟಕ ಮಾತ್ರ ನಾನು ನೋಡ್ಲಿಲ್ಲ, ಅವತ್ತು ನೈಟ್ ಡ್ಯೂಟಿ.