ಹಳೇ ಹ್ಯಾಟೆ ಮಾಂಸ ಮೆತ್ತಗಾಗೋಕೆ ಕೊನೆಗೆ ಕೆಲಸ ಮಾಡಿದ್ದು

ನಮ್ದು ಸಕಲೇಶಪುರ ಕಡೆ. ಮೊಟ್ಟೆ ನಿಲ್ಸಿದ ಮೂರು ವರ್ಷದ ಹ್ಯಾಟೆ ಕುಯ್ದು ಸಾರು ಮಾಡಿದ್ರೆ ರಸ ಸೂಪರ್, ಪೀಸ್ ಮಾತ್ರ ರಬ್ಬರ್, ಕಡುಬು ಖಾಲಿಯಾದ್ರೂ ತೊಡೆ ಪೀಸ್ ಇನ್ನೂ ಬಾಯಲ್ಲೇ ಇರೋದು.

ಪಪ್ಪಾಯಿಕಾಯಿ ಹಚ್ಚಿದ್ರೆ ಮೇಲೆ ಲೊಳಲೊಳ, ಒಳಗೆ ಅದೇ ಗಟ್ಟಿ. ಮೊಸರಲ್ಲಿ ನೆನೆಸಿದ್ದೂ ದಂಡ. ಜೋರು ಉರೀಲಿ ವಿಶಲ್ ಮೇಲೆ ವಿಶಲ್ ಕೂಗ್ಸಿದ್ರೆ ನಾರು ನಾರಾಗಿ ಒಣಗ್ತಿತ್ತು.

ಸರಿಹೋಗಿದ್ದು ಕುಯ್ದ ದಿನ ಬೇಯಿಸೋದು ಬಿಟ್ಮೇಲೆ. ಕುಯ್ದು ಕೆಲವು ಗಂಟೇಲಿ ಮಾಂಸ ಸೆಟೆದುಕೊಳ್ಳುತ್ತೆ, ಆಗ ಒಲೆ ಮೇಲಿಟ್ರೆ ಗಟ್ಟಿ ಗಟ್ಟಿಯಾಗೇ ಉಳಿಯುತ್ತೆ, ನೆಂಟರು ಬಂದ್ರು ಅಂತ ಆಗ್ಲೇ ಹಿಡಿದು ಕುಯ್ಯೋ ನಮ್ಮ ಪದ್ಧತಿಗೆ ಇದು ಒಗ್ಗಲ್ಲ ಬಿಡಿ.

ಹಿಂದಿನ ರಾತ್ರಿಯಿಂದ ಮೇವು ಬಂದ್, ನೀರು ಮಾತ್ರ ಇಡಿ. ಕುಯ್ದ ಮೇಲೆ ಪುಕ್ಕಕ್ಕೆ ಕುದಿಯೋ ನೀರು ಬೇಡ, ಚರ್ಮ ಹರಿಯುತ್ತೆ, 65 ಡಿಗ್ರಿ ನೀರಲ್ಲಿ ಸುಮಾರು ಒಂದು ನಿಮಿಷ ಅದ್ದಿ ರೆಕ್ಕೆಯ ದೊಡ್ಡ ಪುಕ್ಕ ಎಳೀರಿ, ಸಲೀಸಾಗಿ ಬಂದ್ರೆ ಸಾಕು. ಅರಿಶಿಣ ಹಚ್ಚಿ ಸುಡೋದು ನಿಮ್ಮಿಷ್ಟ. ಕರುಳು ತೆಗೆದು ತೊಳೆದು ಐಸ್ ನೀರಲ್ಲಿ ಪೂರ್ತಿ ತಣ್ಣಗೆ ಮಾಡಿ, ಪೀಸ್ ಮಾಡ್ದೆ ಇಡೀ ಕೋಳೀನೇ ಮುಚ್ಚಿ ಫ್ರಿಜ್ಜಲ್ಲಿ ಎರಡು ದಿನ ಇಡಿ, ಫ್ರೀಜರಲ್ಲಿ ಅಲ್ಲ, 4 ಡಿಗ್ರಿ ಅಥವಾ ಕಮ್ಮಿ. ಕಾಲು ಹಿಡಿದು ಅಲ್ಲಾಡಿಸಿದ್ರೆ ಕೀಲು ಸಡಿಲವಾಗಿ ಆಡ್ಬೇಕು, ಇನ್ನೂ ಬಿರುಸಾಗಿದ್ರೆ ಅರ್ಧ ದಿನ ಬಿಡಿ.

ಆಮೇಲೆ ಕುಕ್ಕರಲ್ಲಿ ಒಂದು ವಿಶಲ್ ಬಂದ ತಕ್ಷಣ ಸಿಮ್ ಮಾಡಿ 40 ನಿಮಿಷ. ಪ್ರೆಶರ್ ತಾನಾಗೇ ಇಳೀಲಿ. ಪಾತ್ರೇಲಾದ್ರೆ ಸಣ್ಣ ಉರೀಲಿ ಮೂರು ಗಂಟೆ ಹಿಡಿಯುತ್ತೆ. ಮಸಾಲೆ ರುಬ್ಬಿ ಹಾಕೋದು ಬೆಂದ ಮೇಲೆ, ಇಲ್ಲಾಂದ್ರೆ ತಳ ಹಿಡಿಯುತ್ತೆ.