ಬ್ಯಾಳಿಯೊಳಗಿನ ‘ಬ್ಯಾ’: ನಮ್ಮ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸಿದ ನನ್ನ ಅನುಭವ

ಮೂರನೇ ತರಗತಿಯ ಒಬ್ಬ ಹುಡುಗ. ಎಬಿಸಿಡಿ ಮುಂದಿನಿಂದ ಹೇಳುತ್ತಾನೆ, ಹಿಂದಿನಿಂದಲೂ ಹೇಳುತ್ತಾನೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಂದು ದಿನ ಬೋರ್ಡಿನ ಮೇಲೆ ಎಂ, ಎ, ಟಿ ಅಂತ ಮೂರು ಅಕ್ಷರ ಬರೆದು ಓದು ಅಂದೆ. ‘ಎಂ, ಎ, ಟಿ’ ಅಂದ. ಜೋಡಿಸಿ ಓದು ಅಂದೆ. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ ‘ಎಮೇಟಿ’ ಅಂದ.

ಅವನು ತಪ್ಪು ಮಾಡಿರಲಿಲ್ಲ. ನಾನು ಹೇಳಿಕೊಟ್ಟ ಮೂರು ಹೆಸರನ್ನು ಸರಿಯಾಗಿಯೇ ಜೋಡಿಸಿದ್ದ. ಅವನ ಕಾಲ ಕೆಳಗೇ ಮ್ಯಾಟ್ ಹಾಸಿತ್ತು, ಆ ಪದ ಅವನಿಗೆ ಗೊತ್ತು, ದಿನಾ ಅದನ್ನು ಝಾಡಿಸಿ ಮಡಚಿ ಇಡುವವನೂ ಅವನೇ. ಆದರೆ ಬೋರ್ಡಿನ ಮೇಲಿನ ಮೂರು ಅಕ್ಷರಕ್ಕೂ ಕಾಲ ಕೆಳಗಿನ ಮ್ಯಾಟಿಗೂ ನಡುವೆ ದಾರಿಯೇ ಇರಲಿಲ್ಲ.

ನಾನಿರುವುದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಊರಿನ ಮಕ್ಕಳು ಕನ್ನಡ ಮಾತಾಡುತ್ತಾರೆ, ತಾಂಡಾದಿಂದ ಬರುವವರ ಮನೆಮಾತು ಲಂಬಾಣಿ, ಇನ್ನು ಕೆಲವರದು ಉರ್ದು. ಮೂರೂ ಒಂದೇ ಕೋಣೆಯಲ್ಲಿ. ಫೋನಿಕ್ಸ್ ಅನ್ನುವ ಮಾತು ನಾನು ಕೇಳಿದ್ದು ಒಂದು ತರಬೇತಿಯಲ್ಲಿ. ಅಕ್ಷರದ ಹೆಸರು ಬಿಟ್ಟು ಅದರ ದನಿ ಕಲಿಸಿ, ದನಿಗಳನ್ನು ಜೋಡಿಸಿ ಓದಿಸಿ ಅಂದರು. ಕೇಳಲು ಸುಲಭವಾಗಿತ್ತು. ಶಾಲೆಗೆ ಬಂದು ಮಾಡಿದಾಗ ಮೊದಲ ವರ್ಷ ಪೂರ್ತಿ ಕೆಟ್ಟಿತು.

ಕೆಟ್ಟದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಾನು ಬಿ ಅಕ್ಷರಕ್ಕೆ ‘ಬ’ ಅಂತ ಕಲಿಸಿದೆ, ಟಿ ಅಕ್ಷರಕ್ಕೆ ‘ಟ’ ಅಂತ ಕಲಿಸಿದೆ. ಮಕ್ಕಳು ‘ಬ-ಆ್ಯ-ಟ’ ಅಂದರು, ಜೋಡಿಸಿದರೆ ‘ಬಯಾಟ’ ಆಯಿತು. ನೂರು ಸಲ ಹೇಳಿದರೂ ಬ್ಯಾಟ್ ಆಗಲಿಲ್ಲ. ಯಾಕೆಂದರೆ ನಮ್ಮ ‘ಬ’ ಒಂದು ದನಿಯಲ್ಲ, ಎರಡು. ಬ್ ಇದೆ, ಅದರೊಳಗೆ ಅ ಕೂತಿದೆ. ಇಂಗ್ಲಿಷಿನ ಆ ಅಕ್ಷರಕ್ಕೆ ಬೇಕಾದದ್ದು ಬರೀ ಬ್.

ಇದು ಹೊಳೆದದ್ದು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಅಲ್ಲ, ಕನ್ನಡ ಕಾಗುಣಿತ ಬರೆಸುವಾಗ. ಕ್ + ಅ = ಕ, ಕ್ + ಆ = ಕಾ, ಕ್ + ಇ = ಕಿ. ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ ಇದನ್ನು! ಇಂಗ್ಲಿಷ್ ಫೋನಿಕ್ಸಿಗೆ ಬೇಕಾದ ಬಿಡಿ ದನಿಯನ್ನು ತೋರಿಸಲು ನಮ್ಮ ಲಿಪಿಯಲ್ಲೇ ಒಂದು ಗುರುತು ಇದೆ, ಅದು ಈ ‘್’. ಬೇರೆಯವರು ‘ಬ ಅನ್ನಬೇಡಿ, ಚಿಕ್ಕದಾಗಿ ಬ್ ಅನ್ನಿ’ ಅಂತ ಬಾಯಲ್ಲಿ ಹೇಳಿ ಒದ್ದಾಡುವುದನ್ನು ನಾವು ಒಂದು ಗೆರೆಯಲ್ಲಿ ಬರೆದು ತೋರಿಸಬಹುದು. ಅವತ್ತಿನಿಂದ ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದ ಕೆಳಗೆ ಕನ್ನಡದಲ್ಲಿ ಅರ್ಧಾಕ್ಷರ ಬರೆದೆ. ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ಅಳಿಸಿಬಿಟ್ಟೆ, ಇಲ್ಲದಿದ್ದರೆ ಮಕ್ಕಳ ಕಣ್ಣು ಕನ್ನಡದ ಮೇಲೇ ಇರುತ್ತದೆ.

ಹೆಸರಿನ ಗೊಂದಲ ನಮ್ಮ ಮಕ್ಕಳಿಗೆ ಯಾಕೆ ಜಾಸ್ತಿ ಅಂತ ನೋಡಿ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ದನಿ. ‘ಗ’ದ ಹೆಸರು ಗ. ಅದಕ್ಕೇ ಹೆಸರು ಕಲಿತರೆ ಓದು ಬಂದಂತೆ ಅಂತ ಮಗು ನಂಬಿರುತ್ತದೆ, ಆ ನಂಬಿಕೆ ಸರಿಯೇ. ಇಂಗ್ಲಿಷಿನಲ್ಲಿ ಎಚ್ ಎಂಬ ಹೆಸರಿನೊಳಗೆ ಹ್ ಇಲ್ಲ. ಡಬ್ಲ್ಯೂ ಒಳಗೆ ವ್ ಇಲ್ಲ. ವೈ ಅನ್ನುವುದು ವ್ ದಿಂದ ಶುರುವಾಗುತ್ತದೆ, ಓದುವಾಗ ಯ್ ಅನ್ನುತ್ತದೆ. ಎಲ್ಲಕ್ಕಿಂತ ತೊಡಕಿನದು ಸ್ವರಗಳದ್ದು. ‘ಎ’ ಎಂಬ ಹೆಸರಿನ ಅಕ್ಷರ ಚಿಕ್ಕ ಪದಗಳಲ್ಲಿ ‘ಆ್ಯ’ ಅನ್ನುತ್ತದೆ, ‘ಇ’ ಎಂಬ ಹೆಸರಿನದು ‘ಎ’ ಅನ್ನುತ್ತದೆ, ‘ಐ’ ಎಂಬ ಹೆಸರಿನದು ‘ಇ’ ಅನ್ನುತ್ತದೆ. ಹೆಸರೇ ದನಿ ಅಂತ ನಂಬಿದ ಏಳು ವರ್ಷದ ಮಗುವಿಗೆ ಇದನ್ನು ಒಟ್ಟಿಗೆ ಕೊಟ್ಟರೆ ತಲೆ ಕೆಡದೆ ಇರುತ್ತದಾ?

ಅದಕ್ಕೆ ಎರಡನೇ ವರ್ಷ ಹೆಸರನ್ನು ಪೂರ್ತಿ ಬಿಟ್ಟೆ. ‘ಹೆಸರು ಬ್ಯಾಡ, ಸಪ್ಪಳ ಹೇಳು’ ಅನ್ನುವುದು ನಮ್ಮ ತರಗತಿಯ ಮಾತಾಯಿತು. ದನಿ, ಧ್ವನಿ ಅಂದರೆ ಪುಸ್ತಕದ ಮಾತು. ಸಪ್ಪಳ ಅಂದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಮೊದಲ ಹತ್ತು ದಿನ ಅಕ್ಷರವನ್ನೇ ತೋರಿಸಲಿಲ್ಲ. ಬರೀ ಕಿವಿ ಕೆಲಸ, ಅದೂ ಮನೆಮಾತಿನಲ್ಲಿ. ಪಾಟಿ, ಪಾಣಿ, ಪಾನಿ ಮೂರಕ್ಕೂ ಮೊದಲ ಸಪ್ಪಳ ಯಾವುದು? ಪಾಟಿ ಊರಿನ ಮಕ್ಕಳದು, ನೀರಿಗೆ ಪಾಣಿ ಅನ್ನುವುದು ತಾಂಡಾದವರು, ಪಾನಿ ಉರ್ದುವಿನವರು. ಯಾರ ಮಾತೂ ಹೊರಗೆ ಉಳಿಯಲಿಲ್ಲ. ಮರ, ಮಳಿ, ಮನಿ ಅಂದರೆ ‘ಮ’ ಅನ್ನುತ್ತಾರೆ, ಅದು ಸುಲಭ. ‘ಮ’ವನ್ನು ಮ್ ಮತ್ತು ಅ ಎಂದು ಒಡೆಯುವುದು ಕಷ್ಟ. ಚಪ್ಪಾಳೆ ಹೊಡೆಸಿದರೆ ಮಕ್ಕಳು ಮ-ರ ಅಂತ ಎರಡೇ ಹೊಡೆಯುತ್ತಾರೆ, ಕನ್ನಡದ ಕಿವಿಗೆ ಅಕ್ಷರವೇ ಒಂದು ತುಂಡು. ನಾನು ಎಳೆದು ಹೇಳುತ್ತಿದ್ದೆ, ‘ಮ್ಮ್ಮ್ಮ್... ಅಅಅ’ ಅಂತ, ತುಟಿ ಮುಚ್ಚಿರುವಾಗ ಒಂದು ಸಪ್ಪಳ, ತೆರೆದಾಗ ಇನ್ನೊಂದು, ಅವರ ತುಟಿ ಮೇಲೆ ಅವರದೇ ಬೆರಳು ಇಡಿಸಿ. ಇಲ್ಲಿ ಒಂದು ಮಾತು. ಸ್, ಮ್, ನ್ ಎಳೆಯಲು ಬರುತ್ತವೆ. ಬ್, ಟ್, ಕ್ ಎಳೆಯಲು ಬರುವುದಿಲ್ಲ, ಎಳೆದರೆ ಜೊತೆಗೆ ಅ ಸೇರಿಬಿಡುತ್ತದೆ. ಅದಕ್ಕೆ ಎಳೆಯಲು ಬರುವ ಸಪ್ಪಳದಿಂದಲೇ ಶುರು ಮಾಡಿ.

ಅಕ್ಷರಕ್ಕೆ ಬಂದಾಗ ಎಬಿಸಿಡಿ ಸಾಲು ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡಿದೆ. ಫೋನಿಕ್ಸ್ ಕಲಿಸುವವರು ತುಂಬಾ ಕಡೆ ಇದೇ ಸಾಲು ಬಳಸುತ್ತಾರೆ, ಆರೇ ಅಕ್ಷರದಲ್ಲಿ ಎಷ್ಟೋ ಚಿಕ್ಕ ಪದ ಆಗುತ್ತವೆ ಅನ್ನುವುದೇ ಕಾರಣ. ಜೊತೆಗಿನ ಒಬ್ಬ ಹಿರಿಯ ಸರ್ ‘ಸಾಲು ಬಿಟ್ಟು ಕಲಿಸಿದರೆ ಹ್ಯಾಂಗ್ರಿ?’ ಅಂದರು. ನಲಿ-ಕಲಿಯಲ್ಲಿ ನಾವು ಮಾಡುತ್ತಿರುವುದೂ ಅದೇ ಅಲ್ವಾ ಸರ್ ಅಂದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಈ ಪದ್ಧತಿಯಲ್ಲಿ ಅ ಆ ಇ ಈ ಸಾಲು ಮೊದಲು ಬರುವುದಿಲ್ಲ. ರ, ಗ, ಸ, ದ, ಅ ಕಲಿಸುತ್ತೇವೆ, ಕೂಡಲೇ ಮಗು ಅರಸ, ಗರಗಸ ಓದುತ್ತದೆ. ಅವರು ಒಪ್ಪಿದರು. ಆಮೇಲೆ ತೊಗರಿ ಕಾಳು ತಂದುಕೊಟ್ಟವರೂ ಅವರೇ.

ಕಾಳು ಯಾಕೆ ಅಂತ ಹೇಳುತ್ತೇನೆ. ನಮ್ಮ ತರಗತಿ ನೆಲ ಶಹಾಬಾದ ಫರ್ಸಿ ಕಲ್ಲಿನದು. ಅದರ ಮೇಲೆ ಚಾಕ್‌ಪೀಸಿನಿಂದ ಮೂರು ಚೌಕ ಬರೆಯುವುದು, ಒಂದು ಸಪ್ಪಳಕ್ಕೆ ಒಂದು ಕಾಳು ಸರಿಸುವುದು. ಸಪ್ಪಳಕ್ಕೊಂದು ಚೌಕ ಅನ್ನುವ ಈ ಉಪಾಯ ರಷ್ಯಾದ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಅವರದು, ಕಾಳು ಮಾತ್ರ ನಮ್ಮದು. ನನ್ನ ದೊಡ್ಡ ತೊಂದರೆ ಒಂದನ್ನು ಈ ಕಾಳು ಬಗೆಹರಿಸಿತು. ನಾವು ಕನ್ನಡದವರು ಪದದ ಕೊನೆಗೆ ಸ್ವರ ಇಲ್ಲದೆ ಬಿಡುವುದಿಲ್ಲ. ಪೆನ್ನು, ಬಸ್ಸು, ಬೆಲ್ಲು, ಕಪ್ಪು. ಮಕ್ಕಳು ಪೆನ್ ಎಂದು ಬರೆದದ್ದನ್ನು ‘ಪೆನ್ನು’ ಅಂತಲೇ ಓದುತ್ತಾರೆ. ಓದಿದ್ದಾರೋ, ಮೊದಲ ಅಕ್ಷರ ನೋಡಿ ಊಹಿಸಿದ್ದಾರೋ ಗೊತ್ತಾಗುವುದಿಲ್ಲ. ಈಗ ಕಾಳು ಇಡು ಅಂದೆ. ಪ್, ಎ, ನ್, ಮೂರು ಚೌಕಕ್ಕೆ ಮೂರು ಕಾಳು. ಪೆನ್ನು ಅಂದರೆ ಪ್, ಎ, ನ್, ನ್, ಉ, ಐದು ಕಾಳು ಬೇಕು, ಚೌಕ ಸಾಲುವುದಿಲ್ಲ. ಒಬ್ಬ ಹುಡುಗಿ ಕೈಯಲ್ಲಿ ಉಳಿದ ಎರಡು ಕಾಳು ನೋಡಿ ‘ಇವು ಮನ್ಯಾಗಿನ ಪೆನ್ನಿನವು ಟೀಚರ್’ ಅಂದಳು. ಮನೆಯಲ್ಲಿ ಪೆನ್ನು, ಬೋರ್ಡಿನ ಮೇಲೆ ಪೆನ್. ಎರಡೂ ಸರಿ.

ಈಗ ಬ್ಯಾಳಿ ವಿಷಯಕ್ಕೆ ಬರುತ್ತೇನೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಅದಕ್ಕೆ.

ಬ್ಯಾಟ್, ಮ್ಯಾಟ್, ಪ್ಯಾನ್ ಒಳಗಿನ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಬೇರೆ ಅಕ್ಷರ ಇಲ್ಲ. ಅದು ಕನ್ನಡ ಮಕ್ಕಳಿಗೆ ಕಷ್ಟದ ಸ್ವರ ಅಂತ ನಾನೂ ನಂಬಿದ್ದೆ. ಒಂದು ದಿನ ಬಿಸಿಯೂಟಕ್ಕೆ ಸಾಲಾಗಿ ನಿಂತಾಗ ಹಿಂದಿನಿಂದ ಒಬ್ಬ ‘ಬ್ಯಾಳಿ ಬ್ಯಾಡ್ರೀ, ಬರೇ ಅನ್ನ ಹಾಕ್ರಿ’ ಅಂದ. ನನ್ನ ಕಿವಿ ಅಲ್ಲೇ ನಿಂತಿತು. ಬ್ಯಾಳಿ. ಬ್ಯಾಡ. ಬ್ಯಾಸಗಿ. ಮ್ಯಾಲ. ನಮ್ಮ ಭಾಗದ ಮಾತಿನಲ್ಲಿ ಈ ಸ್ವರ ದಿನಾ ನೂರು ಸಲ ಬರುತ್ತದೆ. ಬೇಳೆ, ಬೇಡ, ಬೇಸಿಗೆ, ಮೇಲೆ ಅನ್ನುವುದು ಪುಸ್ತಕದಲ್ಲಿ. ಮಕ್ಕಳ ಬಾಯಲ್ಲಿ ಅದು ಮೊದಲೇ ಇದೆ, ಹುಟ್ಟಿನಿಂದ ಇದೆ. ಮತ್ತೆ ನಾನು ಏನು ಮಾಡುತ್ತಿದ್ದೆ? ಕನ್ನಡ ಪಿರಿಯಡ್ಡಿನಲ್ಲಿ ‘ಬ್ಯಾಳಿ ಅಲ್ಲ, ಬೇಳೆ ಅನ್ನು’ ಅಂತ ತಿದ್ದುತ್ತಿದ್ದೆ. ಮುಂದಿನ ಪಿರಿಯಡ್ಡಿನಲ್ಲಿ ಅದೇ ಸ್ವರ ಅವರ ಬಾಯಿಂದ ಹೊರಡಿಸಲು ಕಷ್ಟಪಡುತ್ತಿದ್ದೆ. ಇದು ನೆನಪಾದರೆ ಈಗಲೂ ಮನಸ್ಸಿಗೆ ಬೇಜಾರಾಗುತ್ತದೆ.

ಮರುದಿನ ಬೋರ್ಡಿನ ಮೇಲೆ ಆ ಅಕ್ಷರ ಬರೆದು ‘ಇದು ಬ್ಯಾಳಿಯೊಳಗಿನ ಸಪ್ಪಳ’ ಅಂದೆ. ಬ್ಯಾಳಿ ಅನ್ನಿ. ಅದರಾಗಿನ ಳಿ ತೆಗೀರಿ. ಬ್ಯಾ. ಈಗ ಬ್ ತೆಗೀರಿ. ಆ್ಯ. ಈಗ ಬ್ಯಾ ಜೊತೆ ಟ್ ಸೇರಿಸಿ. ಬ್ಯಾ-ಟ್. ಬ್ಯಾಟ್! ಇಡೀ ತರಗತಿ ಒಟ್ಟಿಗೆ ಕೂಗಿತು. ಒಂದು ವಾರದ ಕೆಲಸ ಅರ್ಧ ಗಂಟೆಯಲ್ಲಿ ಆಯಿತು. ಇಂಗ್ಲಿಷಿನವರ ಸ್ವರ ಇದಕ್ಕಿಂತ ಗಿಡ್ಡ, ನಮ್ಮದು ಸ್ವಲ್ಪ ಉದ್ದ. ಆದರೆ ಬಾಯಿ ತೆರೆಯುವ ರೀತಿ ಅದೇ, ಓದಲು ಅಷ್ಟು ಸಾಕು. ಅವತ್ತಿನಿಂದ ಬ್ಯಾಳಿ ಅಂದ ಮಗುವನ್ನು ನಾನು ಅಡ್ಡಗಟ್ಟಿಲ್ಲ. ‘ಮನ್ಯಾಗ ಬ್ಯಾಳಿ ಅಂತೀವಿ, ಪುಸ್ತಕದಾಗ ಬೇಳೆ ಅಂತ ಇರ್ತದ’ ಅನ್ನುತ್ತೇನೆ, ಅಷ್ಟೇ.

ಇನ್ನೊಂದು ತೊಡಕು ಅರ್ಥದ್ದು. ಇಂಗ್ಲೆಂಡಿನ ಮಗು ಓದಲು ಕೂರುವ ಹೊತ್ತಿಗೆ ನಾಲ್ಕೈದು ವರ್ಷ ಆ ಪದಗಳನ್ನು ಕೇಳಿರುತ್ತದೆ. ಸಪ್ಪಳ ಜೋಡಿಸಿದ ಕೂಡಲೇ ‘ಓ, ಇದಾ!’ ಅನ್ನುತ್ತದೆ. ನಮ್ಮ ಮಗು ‘ನ್ಯಾಪ್’ ಅಂತ ಸರಿಯಾಗಿ ಓದಿ ಸುಮ್ನೆ ನಮ್ಮ ಮುಖ ನೋಡುತ್ತದೆ. ಅದಕ್ಕೆ ಪುಸ್ತಕದ ಪಟ್ಟಿ ಬದಿಗಿಟ್ಟು ಊರಿನ ಇಂಗ್ಲಿಷ್ ಹುಡುಕಿಕೊಂಡು ಬರಲು ಮಕ್ಕಳಿಗೇ ಹೇಳಿದೆ. ಎಷ್ಟು ತಂದರು ಗೊತ್ತಾ? ಬಸ್, ಕಪ್, ಜಗ್, ಟಿನ್, ಬೆಡ್, ಬೆಲ್, ಟೆಂಟ್, ಪಂಪ್, ಪ್ಯಾಂಟ್, ಸಿಮ್, ನೆಟ್. ಒಬ್ಬ ‘ಪಂಪ್‌ಸೆಟ್’ ತಂದ, ಏಳು ಸಪ್ಪಳ, ಏಳು ಕಾಳು, ಒಂದೂ ಅಡ್ಡದಾರಿ ಇಲ್ಲದ ಪದ. ಇವೆಲ್ಲ ಬರೆದ ಹಾಗೇ ಓದುವ ಪದಗಳು, ಮೇಲಾಗಿ ಅರ್ಥ ಗೊತ್ತಿರುವವು. ಎರಡು ತಿಂಗಳು ಇವೇ ನಮ್ಮ ಪಠ್ಯಪುಸ್ತಕ.

ವೇಗದ ಬಗ್ಗೆ ಕೇಳುವವರಿಗೆ: ದಿನಕ್ಕೆ 20 ನಿಮಿಷ, ಪ್ರಾರ್ಥನೆ ಮುಗಿದ ಕೂಡಲೇ, ವಾರಕ್ಕೆ ಎರಡೇ ಹೊಸ ಅಕ್ಷರ. ಇಂಗ್ಲಿಷಿನಲ್ಲಿ ಅಕ್ಷರ 26, ಸಪ್ಪಳ ಸುಮಾರು 44. ಹಾಗಾಗಿ ಒಂದು ವರ್ಷಕ್ಕೆ ಎಲ್ಲಾ ಮುಗಿಯುವುದಿಲ್ಲ, ಮುಗಿಸಲು ಹೋಗಲೂಬಾರದು. ಎಸ್ ಮತ್ತು ಎಚ್ ಸೇರಿ ಶ್ ಆಗುವಂಥವು ಬಂದಾಗ ಮಕ್ಕಳು ‘ಸ್-ಹ್’ ಅಂತಾರೆ, ಒತ್ತಕ್ಷರ ಓದಿದ ಅಭ್ಯಾಸ. ಎರಡರ ಕೆಳಗೂ ಸೇರಿಸಿ ಒಂದು ಗೆರೆ ಎಳೆದು ‘ಎರಡು ಅಕ್ಷರ, ಒಂದೇ ಕಾಳು’ ಅಂದೆ. ಸಪ್ಪಳಕ್ಕೆ ಸಿಗದ ಪದಗಳೂ ಇವೆ, ದಿ, ವಾಸ್, ಒನ್ ಇಂಥವು. ಅವನ್ನು ಜೋಡಿಸಲು ಹೋಗದೆ ಗೋಡೆಗೆ ಹಚ್ಚಿ ಹಾಗೇ ಗುರುತು ಹಿಡಿಸಿದೆ.

ಮನೆಯವರಿಗೆ ಹೇಳುವುದನ್ನು ನಾನು ಮರೆತಿದ್ದೆ. ಒಬ್ಬ ತಾಯಿ ಹೊಲದಿಂದ ನೇರವಾಗಿ ಶಾಲೆಗೆ ಬಂದರು. ‘ಟೀಚರ್ರೀ, ನಮ್ ಹುಡುಗ ಮದಲ ಎಬಿಸಿಡಿ ಪೂರಾ ಅಂತಿದ್ದ, ಈಗ ಹಾವಿನಂಗ ಸ್ ಸ್ ಅಂತಾನ, ಏನ್ ಕಲಸ್ಲಾಕತ್ತೀರಿ?’ ಅವರ ಆತಂಕ ನಿಜವಾದದ್ದು, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಹುಡುಗನನ್ನು ಕರೆದು ಅವರ ಎದುರೇ ‘ಟಿನ್’ ಅಂತ ಬರೆದೆ. ಅವನು ಟ್, ಇ, ನ್ ಅಂದು, ಜೋಡಿಸಿ, ಕೋಣೆಯ ಮೂಲೆಯಲ್ಲಿದ್ದ ಎಣ್ಣೆ ಟಿನ್ನಿಗೆ ಬೆರಳು ತೋರಿಸಿದ. ಆ ತಾಯಿ ಬೋರ್ಡನ್ನೂ ಟಿನ್ನನ್ನೂ ಎರಡೆರಡು ಸಲ ನೋಡಿದರು. ಹೋಗುವಾಗ ‘ನನಗೂ ಒಂದೀಟು ಹೇಳ್ಕೊಡ್ರಿ’ ಅಂದರು. ಮುಂದಿನ ವರ್ಷದಿಂದ ಜೂನ್‌ನಲ್ಲೇ ಪಾಲಕರನ್ನು ಕರೆದು ಕೂರಿಸಿ ಹೇಳುತ್ತಿದ್ದೇನೆ.

ಓದಿದ್ದಾರೋ ಬಾಯಿಪಾಠವೋ ಅಂತ ತಿಳಿಯಲು ಸುಳ್ಳು ಪದ ಕೊಡುತ್ತೇನೆ. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆ ಇದೆ, ಅದರಲ್ಲಿ 20 ಅರ್ಥವಿಲ್ಲದ ಪದಗಳು. ನಾನು ಹತ್ತೇ ಕೊಡುತ್ತೇನೆ, ‘ಸಿಪ್ನ್ಯಾಟ್’, ‘ಟೆಬ್’ ಇಂಥವು. ಮಕ್ಕಳಿಗೆ ಇದು ಆಟ. ನನಗೆ ಮಾತ್ರ ಯಾರು ಊಹಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಜಾಣೆ ಅಂದುಕೊಂಡಿದ್ದ ಒಬ್ಬಳಿಗೆ ಒಂದೂ ಬರಲಿಲ್ಲ, ಪಾಠ ಪೂರ್ತಿ ಬಾಯಿಪಾಠ ಮಾಡಿದ್ದಳು. ಅವಳನ್ನು ಮತ್ತೆ ಕಾಳಿನ ಹತ್ತಿರ ಕೂರಿಸಿದೆ.

ದೀಪಾವಳಿ ಆದ ಮೇಲೆ ಕೆಲವು ಮನೆಗಳು ಗುಳೆ ಹೋಗುತ್ತವೆ, ಪುಣೆ, ಮುಂಬೈ, ಬೆಂಗಳೂರಿಗೆ. ಮಕ್ಕಳೂ ಹೋಗುತ್ತಾರೆ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅಪ್ಪನ ಫೋನಿಗೆ ವಾರಕ್ಕೆ ಎರಡು ಸಲ ವಾಟ್ಸಾಪ್‌ನಲ್ಲಿ ನನ್ನ ದನಿ ಕಳಿಸುತ್ತೇನೆ, ಮೂರು ಸಪ್ಪಳ ಬಿಡಿಬಿಡಿಯಾಗಿ. ಮಗು ಜೋಡಿಸಿ ಪದ ಹೇಳಿ ವಾಪಸ್ ಕಳಿಸಬೇಕು. ಕಟ್ಟಡ ಕೆಲಸದ ಗದ್ದಲದ ನಡುವೆ ‘ಕಪ್’ ಅಂತ ಚಿಕ್ಕ ದನಿ ಬಂದಾಗ ನಾನು ಅದನ್ನು ಮರುದಿನ ಇಡೀ ತರಗತಿಗೆ ಕೇಳಿಸುತ್ತೇನೆ. ಎಲ್ಲರೂ ಕಳಿಸುವುದಿಲ್ಲ. ಇಬ್ಬರು ಮೂವರು ಕಳಿಸುತ್ತಾರೆ.

ಈ ವರ್ಷ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಚಿಕ್ಕ ಪದಗಳನ್ನು ತಾವೇ ಓದುತ್ತಾರೆ. ಒಬ್ಬನಿಗೆ ಮಾತ್ರ ಜೋಡಣೆ ಇನ್ನೂ ಹಿಡಿದಿಲ್ಲ. ಸಪ್ಪಳ ಎಲ್ಲಾ ಗೊತ್ತು, ಬ್, ಅ, ಸ್ ಅನ್ನುತ್ತಾನೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಕೈ ಬಿಟ್ಟಿರುತ್ತದೆ. ಅವನ ಜೊತೆ ಮೂರು ಚೌಕ ಬಿಟ್ಟು ಎರಡಕ್ಕೆ ಇಳಿದಿದ್ದೇನೆ. ಇನ್, ಅಪ್, ಆ್ಯಟ್. ಬೆಳಗಿನ ಶಾಲೆ ಶುರುವಾಗಿದೆ, ಫರ್ಸಿ ತಣ್ಣಗಿರುವ ಹೊತ್ತಿಗೇ ಬೇಗ ಬಂದು ಇಬ್ಬರೇ ಕೂರುತ್ತೇವೆ. ಮೊನ್ನೆ ಗುರುವಾರ ಎರಡು ಕಾಳು ಒಟ್ಟಿಗೆ ಸರಿಸಿ ‘ಅಪ್’ ಅಂದ, ಮತ್ತೆ ತಾನೇ ಎದ್ದು ನಿಂತ. ನಾಳೆ ಅದರ ಮುಂದೆ ಒಂದು ಕ್ ಇಟ್ಟು ನೋಡಬೇಕು.